ಪಂಪಿಗೆ ವಿಎಫ್‌ಡಿ ಹಾಕಿಸುವ ಮುನ್ನ ಇದನ್ನು ಓದಿ

ವಿಎಫ್‌ಡಿ ಅಂದರೆ ಕರೆಂಟಿನ ಹರ್ಟ್ಸ್ ಬದಲಿಸಿ ಮೋಟರಿನ ಸ್ಪೀಡ್ ಏರಿಳಿಸುವ ಡ್ರೈವ್. "ಪಂಪಿಗೆ ವಿಎಫ್‌ಡಿ ಹಾಕಿ ಕರೆಂಟ್ ಬಿಲ್ ಅರ್ಧ ಮಾಡಿಕೊಡ್ತೀವಿ" ಅಂತ ಯಾರಾದರೂ ನಿಮ್ಮ ಫ್ಯಾಕ್ಟರಿಗೆ ಬಂದರೆ, ನೀರು ಎಷ್ಟು ಎತ್ತರ ಹತ್ತಬೇಕು ಅಂತ ಅವರು ಕೇಳುತ್ತಾರಾ ನೋಡಿ. ಕೇಳದಿದ್ದರೆ ಸಹಿ ಹಾಕಬೇಡಿ. ಪೀಣ್ಯದ ನಮ್ಮ ಯೂನಿಟ್‌ಗೆ ಬಂದವರು ಕೇಳಲೇ ಇಲ್ಲ.

ನಮ್ಮದು 15 ಎಚ್‌ಪಿ ಪಂಪು. ಸಂಪಿನಿಂದ 24 ಮೀಟರ್ ಮೇಲಿರುವ ಟ್ಯಾಂಕಿಗೆ ನೀರು ಏರಿಸುತ್ತದೆ. ಅವರು ಡ್ರೈವ್ ಜೋಡಿಸಿ, 38 ಹರ್ಟ್ಸ್‌ಗೆ ಇಳಿಸಿ, ಕ್ಲ್ಯಾಂಪ್ ಮೀಟರ್ ಹಿಡಿದು ತೋರಿಸಿದರು. ಆಂಪ್ಸ್ ಅರ್ಧಕ್ಕೂ ಕೆಳಗೆ. ಮಾಲೀಕರಿಗೆ ಖುಷಿಯೋ ಖುಷಿ. ನಾನು ಮೇಲೆ ಹತ್ತಿ ನೋಡಿದರೆ ಟ್ಯಾಂಕಿಗೆ ಒಂದು ಹನಿ ನೀರೂ ಬೀಳುತ್ತಿಲ್ಲ! ಕೆಳಗೆ ಬಂದು ಪಂಪಿನ ಕೇಸಿಂಗ್ ಮುಟ್ಟಿದೆ, ಬಿಸಿಯಾಗಿತ್ತು. ಒಳಗಿದ್ದ ನೀರನ್ನೇ ಸುಮ್ನೆ ಕಡೆಯುತ್ತಿತ್ತು.

ಸ್ಪೀಡ್ ಇಳಿಸಿದರೆ ಪವರ್ ಘನದ ಲೆಕ್ಕದಲ್ಲಿ ಇಳಿಯುತ್ತೆ, ನಿಜ. ಆದರೆ ಹೆಡ್ (ಪಂಪು ನೀರನ್ನು ಎತ್ತಬಲ್ಲ ಎತ್ತರ) ಕೂಡ ವರ್ಗದ ಲೆಕ್ಕದಲ್ಲಿ ಇಳಿಯುತ್ತಲ್ವಾ? ವಾಲ್ವ್ ಮುಚ್ಚಿ ನೋಡಿದಾಗ ನಮ್ಮ ಪಂಪು 50 ಹರ್ಟ್ಸ್‌ನಲ್ಲಿ 40 ಮೀಟರ್ ಕೊಡುತ್ತೆ. 38 ಹರ್ಟ್ಸ್‌ನಲ್ಲಿ ಸಿಗೋದು 23 ಮೀಟರ್ ಅಷ್ಟೇ. 24 ಮೀಟರ್ ಹತ್ತೋದು ಹೇಗೆ?

ಆಮೇಲೆ 46 ಹರ್ಟ್ಸ್‌ನಲ್ಲಿ ಓಡಿಸಿದರು. ನೀರು ಬಂತು, ಆದರೆ ಟ್ಯಾಂಕ್ ತುಂಬಲು ಮೊದಲಿಗಿಂತ ತುಂಬಾ ಜಾಸ್ತಿ ಹೊತ್ತು. ಬಿಲ್ ಮಾತ್ರ ಇದ್ದಷ್ಟೇ. ನನಗೆ ಸಿಟ್ಟು ಬಂದಿದ್ದು ಇಲ್ಲಿ: ಒಪ್ಪಂದದ ಪ್ರಕಾರ ಅವರ ಕಂತು "ಉಳಿತಾಯ"ದಿಂದ ಹೋಗಬೇಕು, ಆ ಉಳಿತಾಯ ಡ್ರೈವ್‌ನ ಪರದೆ ಹೇಳಿದ್ದು. ಪರದೆ ಬರೀ ಹರ್ಟ್ಸ್ ನೋಡಿ, ಅದೇ ಘನದ ಸೂತ್ರ ಹಾಕಿ, 22 ಪರ್ಸೆಂಟ್ ಉಳಿಯಿತು ಅನ್ನುತ್ತಿತ್ತು. ಉಳಿಯದ ದುಡ್ಡಿಗೆ ನಾವು ಕಂತು ಕಟ್ಟಿದೆವು.

ಆಂಪ್ಸ್ ನಂಬಬೇಡಿ. ಡ್ರೈವ್ ಹಾಕಿದರೆ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸುಧಾರಿಸುತ್ತೆ, ಹಾಗಾಗಿ ಕಿಲೋವ್ಯಾಟ್ ಇಳಿಯದಿದ್ದರೂ ಇನ್‌ಪುಟ್ ಆಂಪ್ಸ್ ಇಳಿಯಬಹುದು.

ನಿಜವಾದ ರೋಗ ಪಂಪಿನ ಒಳಗೇ ಇತ್ತು. ಗಂಟೆಗೆ 60 ಘನ ಮೀಟರ್ ನೀರು, ಪೈಪಿನ ಘರ್ಷಣೆಯೂ ಸೇರಿ ಒಟ್ಟು ಹೆಡ್ 30 ಮೀಟರ್. ಇವೆರಡನ್ನು ಗುಣಿಸಿ 367ರಿಂದ ಭಾಗಿಸಿದರೆ 4.9 ಕಿಲೋವ್ಯಾಟ್, ನೀರಿಗೆ ಸೇರಬೇಕಾದ ಶಕ್ತಿ ಅಷ್ಟೇ. ಎನರ್ಜಿ ಮೀಟರ್ ತೋರಿಸಿದ್ದು 9.8. ಪಂಪು ಬಿಚ್ಚಿಸಿದೆ. ವೇರ್ ರಿಂಗ್ (ಒತ್ತಿದ ನೀರು ಹಿಂದಕ್ಕೆ ಸೋರದಂತೆ ತಡೆಯುವ ಬಳೆ) ಸವೆದು ಸಂದಿ ಬಿಟ್ಟಿತ್ತು, ಒತ್ತಿದ ನೀರು ಅಲ್ಲಿಂದಲೇ ವಾಪಸ್ ಪಂಪು ನೀರು ಎಳೆಯುವ ಬದಿಗೇ ಹೋಗುತ್ತಿತ್ತು. ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಅಂಚು ತಿಂದುಹೋಗಿತ್ತು. ಎರಡನ್ನೂ ಹೊಸದು ಹಾಕಿ ಡ್ರೈವ್ ಬೈಪಾಸ್ ಮಾಡಿದ ಮೇಲೆ ಅಷ್ಟೇ ನೀರಿಗೆ 7.5 ಕಿಲೋವ್ಯಾಟ್. ಖರ್ಚು ಡ್ರೈವ್ ಬೆಲೆಯ ಹತ್ತಿರಕ್ಕೂ ಬರಲಿಲ್ಲ.

ವಿಎಫ್‌ಡಿ ಕೆಟ್ಟದ್ದು ಅಂತಲ್ಲ. ನೀರು ಮೇಲೆ ಹೋಗಿ ಸುತ್ತಿ ಮತ್ತೆ ಪಂಪಿಗೇ ವಾಪಸ್ ಬರುವ ಮುಚ್ಚಿದ ಸರ್ಕ್ಯುಲೇಷನ್ ಲೈನಿನಲ್ಲಿ, ಬೇಕಾಗುವ ನೀರು ಹೊತ್ತುಹೊತ್ತಿಗೆ ಬದಲಾಗುವ ಕಡೆ, ಅದು ಚೆನ್ನಾಗಿ ಉಳಿಸುತ್ತೆ. ಎತ್ತರಕ್ಕೆ ಏರಿಸುವುದೇ ಮುಖ್ಯ ಕೆಲಸವಾದರೆ ಲಾಭ ಕಡಿಮೆ.

ಒಪ್ಪಂದದಲ್ಲಿ 1000 ಲೀಟರ್‌ಗೆ ಎಷ್ಟು ಯೂನಿಟ್ ಅಂತಲೇ ಬರೆಸಿ. ನಮ್ಮದು 0.16 ಇದ್ದದ್ದು 0.125ಕ್ಕೆ ಇಳಿದಿದೆ. ಅಳೆಯೋದು ಸುಲಭ: ಟ್ಯಾಂಕಿನ ಔಟ್‌ಲೆಟ್ ಮುಚ್ಚಿ, ಎನರ್ಜಿ ಮೀಟರ್ ರೀಡಿಂಗ್ ಬರೆದುಕೊಂಡು ಪಂಪು ಓಡಿಸಿ, ನೀರು ಎಷ್ಟು ಏರಿತು ಅಂತ ಕೋಲಿನಿಂದ ಅಳೆದು ಮತ್ತೆ ರೀಡಿಂಗ್ ತೆಗೆದುಕೊಳ್ಳಿ. ಡ್ರೈವ್ ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ, ಎರಡೂ ಸಲ ಅವರ ಎದುರಿಗೇ ಮಾಡಿ, ಹಾಳೆಗೆ ಸಹಿ ಹಾಕಿಸಿಕೊಳ್ಳಿ.