ಬಿಳಿ ಶ್ಪಾರ್ಗೆಲ್, ಹಸಿರು ಶ್ಪಾರ್ಗೆಲ್: ಎರಡನ್ನೂ ಒಂದೇ ಒಲೆಯ ಮೇಲೆ ಇಟ್ಟು ನೋಡಿದ್ದು

ಏಪ್ರಿಲ್ ಅರ್ಧ ಕಳೆಯಿತೆಂದರೆ ಜರ್ಮನಿಯ ಹೈಡಲ್‌ಬರ್ಗ್‌ನಿಂದ ಶ್ವೆಟ್ಸಿಂಗೆನ್ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಮರದ ಗೂಡಂಗಡಿಗಳು ಏಳುತ್ತವೆ. ಹಲಗೆಯ ಮೇಲೆ ಒದ್ದೆ ಬಟ್ಟೆ ಹೊದ್ದು ಮಲಗಿರುತ್ತದೆ ಆಸ್ಪರಾಗಸ್, ಕಡ್ಡಿಯಂಥ ಮೊಳಕೆಯನ್ನೇ ತಿನ್ನುವ ತರಕಾರಿ. ಜರ್ಮನಿಯವರ ಬಾಯಲ್ಲಿ ಅದು ಶ್ಪಾರ್ಗೆಲ್. ಈಗ ನಮ್ಮನೆಯಲ್ಲೂ ಅದೇ ಹೆಸರು. ಜೂನ್ 24, ಸಂತ ಯೋಹಾನರ ಹಬ್ಬದ ದಿನ ಕೊಯ್ಲು ನಿಲ್ಲುತ್ತದೆ. ಆಮೇಲೆ ಗಿಡವನ್ನು ಅದರ ಪಾಡಿಗೆ ಬೆಳೆಯಲು ಬಿಡಬೇಕು. ಎಳೆಎಳೆಯಾದ ಹಸಿರು ಪೊದೆಯಾಗಿ ಬಿಸಿಲು ಕುಡಿದು ಮುಂದಿನ ವರ್ಷಕ್ಕೆ ಬೇಕಾದದ್ದನ್ನು ಬೇರಿಗೆ ಇಳಿಸದಿದ್ದರೆ ಮರುವಸಂತದಲ್ಲಿ ಮೊಳಕೆ ಸಣಕಲಾಗುತ್ತದೆ. ‘ಚೆರ್ರಿ ಕೆಂಪಾಯಿತು, ಶ್ಪಾರ್ಗೆಲ್ ಸತ್ತಿತು’ ಎಂದು ಇಲ್ಲಿ ಒಂದು ಗಾದೆಯೇ ಇದೆ. ಎರಡು ತಿಂಗಳು ಮತ್ತು ಚೂರು, ಅಷ್ಟೇ ಇದರ ಕಾಲ.

ಈ ಊರಿಗೆ ಹೊಸದಾಗಿ ಬರುವ ನಮ್ಮವರು ಮೊದಲ ವಸಂತದಲ್ಲೇ ಕೇಳುವ ಪ್ರಶ್ನೆ: ಬಿಳಿಯದು ಕೊಳ್ಳಬೇಕೋ, ಹಸಿರೋ? ಏಳು ವಸಂತಗಳಿಂದ ಎರಡನ್ನೂ ತಂದು ಬೇಯಿಸಿ, ಹುರಿದು, ಒಗ್ಗರಣೆ ಹಾಕಿ ತಿಂದಿದ್ದೇನೆ. ಹೋದ ವರ್ಷ ಮೇ ತಿಂಗಳಲ್ಲಿ ಪ್ರತಿ ಶನಿವಾರ ಅರ್ಧರ್ಧ ಕಿಲೋ ತಂದು, ಒಂದೇ ದಿನ, ಒಂದೇ ವಿಧಾನದಲ್ಲಿ ಎರಡನ್ನೂ ಅಕ್ಕಪಕ್ಕ ಮಾಡಿ ನೋಡಿದೆ. ಅಂಗಡಿಯಲ್ಲಿ ನಿಂತು ಯಾವುದು ಒಳ್ಳೆಯದು ಎಂದು ಹೇಳಲು ಬರುವುದಿಲ್ಲ. ಮನೆಯಲ್ಲಿ ಒಲೆಯ ಮೇಲೆ ಏನಿಡುತ್ತೀರಿ ಎಂದು ಹೇಳಿದರೆ ಮಾತ್ರ ಹೇಳಬಹುದು.

ಗಿಡದ ಜಾತಿ ಒಂದೇ. ಬೆಳೆಸುವ ರೀತಿ ಬೇರೆ. ಮರಳುಮಣ್ಣನ್ನು ಮೊಣಕಾಲೆತ್ತರದ ದಿಬ್ಬ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೊಳಕೆ ಬೆಳಕು ಕಾಣುವ ಮೊದಲೇ ಕೊಯ್ದರೆ ಬಿಳಿ. ಬೆಳಕಿಲ್ಲದ್ದರಿಂದ ಹಸಿರು ಬಣ್ಣ ಹುಟ್ಟುವುದೇ ಇಲ್ಲ. ತಲೆ ಚೂರು ಹೊರಗೆ ಇಣುಕಿದರೂ ನೇರಳೆ ತಿರುಗುತ್ತದೆ. ಅದನ್ನೇ ದಿಬ್ಬವಿಲ್ಲದೆ ನೆಲದ ಮೇಲೆ ಬಿಸಿಲಿಗೆ ಬೆಳೆಯಲು ಬಿಟ್ಟರೆ ಹಸಿರು. ಬಿಳಿಯದರ ಕೊಯ್ಲು ಕಷ್ಟದ ಕೆಲಸ. ದಿಬ್ಬದ ಮೇಲೆ ಮಣ್ಣು ಎಲ್ಲಿ ಬಿರಿದಿದೆ ನೋಡಿ, ಬೆರಳಿನಿಂದ ಮಣ್ಣು ಬಗೆದು, ಉದ್ದ ಉಳಿಯಂಥ ಚಾಕುವನ್ನು ಬುಡಕ್ಕೆ ಇಳಿಸಿ, ಕತ್ತರಿಸಿ, ಮತ್ತೆ ಗುಂಡಿ ಮುಚ್ಚಿ ಸವರಬೇಕು. ಒಂದೊಂದು ಕಡ್ಡಿಗೂ ಅಷ್ಟು ಕೆಲಸ. ರುಮೇನಿಯಾ, ಪೋಲೆಂಡ್‌ಗಳಿಂದ ಬಂದ ಕೂಲಿಯವರು ಬೆಳಗಿನ ಚಳಿಯಲ್ಲಿ ಬೆನ್ನು ಬಗ್ಗಿಸಿ ಇದನ್ನು ಮಾಡುವುದನ್ನು ಸೈಕಲ್ ನಿಲ್ಲಿಸಿ ನೋಡಿದ್ದೇನೆ. ಬೆಲೆ ಯಾಕೆ ಹೆಚ್ಚು ಎಂದು ಆಮೇಲೆ ನಾನು ಕೇಳಲಿಲ್ಲ.

ಅಮ್ಮನಿಗೆ ವಿಡಿಯೋದಲ್ಲಿ ತೋರಿಸಿದಾಗ ತೀರ್ಥಹಳ್ಳಿಯಲ್ಲಿ ಕೂತೇ ಆಕೆ ಹೇಳಿದ್ದು, "ನಮ್ಮ ಕಳಲೆ ಇದ್ದ ಹಾಗೆ ಕಣೇ." ಸರಿಯಾದ ಮಾತು. ಕಳಲೆಯೂ ನೆಲ ಬಗೆದು ಬರುವ ಮೊಳಕೆ, ಅದಕ್ಕೂ ಕಾಲ ಗೊತ್ತು, ಅದನ್ನೂ ಸಿಪ್ಪೆ ಸುಲಿದು ಎಳೆಯ ಭಾಗ ತಿನ್ನಬೇಕು. ಕಳಲೆಯನ್ನಾದರೆ ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಹಾಕಬೇಕು. ಶ್ಪಾರ್ಗೆಲ್‌ಗೆ ಆ ಕಾಟವಿಲ್ಲ, ತಂದ ದಿನವೇ ಒಲೆಗೆ. ಇನ್ನೊಂದು ನೆಂಟಸ್ತಿಕೆಯೂ ಇದೆ. ನಮ್ಮ ಕಾಡಿನ ಶತಾವರಿ, ಹಲವು ಮಕ್ಕಳ ತಾಯಿ ಬೇರು ಎನ್ನುತ್ತೇವಲ್ಲ, ಅದು ಇದೇ ಕುಲದ ಗಿಡ. ನಾವು ಅದರ ಬೇರನ್ನು ಔಷಧಿಗೆ ಇಟ್ಟುಕೊಂಡೆವು, ಇವರು ಇದರ ಮೊಳಕೆಯನ್ನು ಊಟಕ್ಕೆ.

ಕೊಳ್ಳುವಾಗ ನೋಡಬೇಕಾದದ್ದು ಬುಡ. ಕತ್ತರಿಸಿದ ತುದಿ ಒದ್ದೆಯಾಗಿರಬೇಕು, ಉಗುರಿನಿಂದ ಒತ್ತಿದರೆ ರಸ ಜಿನುಗಬೇಕು. ಎರಡು ಕಡ್ಡಿಗಳನ್ನು ಒಂದಕ್ಕೊಂದು ಉಜ್ಜಿದರೆ ಕೀಚ್ ಎನ್ನಬೇಕು. ಮೊದಲ ವರ್ಷ ಇದು ಗೊತ್ತಿಲ್ಲದೆ, ರಿಯಾಯಿತಿಯಲ್ಲಿ ಸಿಕ್ಕಿತೆಂದು ಬುಡ ಒಣಗಿದ ಬಿಳಿ ಕಡ್ಡಿಗಳನ್ನು ತಂದಿದ್ದೆ. ಸಿಪ್ಪೆಯನ್ನೂ ಮೇಲೆ ಮೇಲೆ ತೆಗೆದೆ. ಬೆಂದ ಮೇಲೆ ತೆಂಗಿನ ನಾರು ಅಗಿದ ಹಾಗಿತ್ತು, ಕೊನೆಗೆ ಕಹಿ. ಅಷ್ಟೂ ಬೀದಿಪಾಲಾಯಿತು. ಕೆಳಗಿನ ಮನೆಯ ಅಜ್ಜಿ ಮರುವಾರ ತಮ್ಮ ಅಡುಗೆಮನೆಗೆ ಕರೆದು ಸುಲಿಯುವುದನ್ನು ಕಲಿಸಿದರು: ಕಡ್ಡಿಯನ್ನು ಅಂಗೈ ಮೇಲೆ ಮಲಗಿಸಿ, ತಲೆಯ ಕೆಳಗಿನಿಂದ ಶುರುಮಾಡಿ ಬುಡದವರೆಗೆ, ಸುತ್ತಲೂ, ಬುಡದ ಹತ್ತಿರ ಎರಡು ಸಲ. ಸುಲಿದ ಮೇಲೂ ಎಲ್ಲಿ ಹೊಳಪು ಕಾಣುತ್ತದೋ ಅಲ್ಲಿ ಇನ್ನೂ ನಾರಿದೆ ಎಂದರ್ಥ. ಹಸಿರಿಗೆ ಇದಾವುದೂ ಬೇಡ. ಬುಡದ ಮೂರನೇ ಒಂದು ಭಾಗ ಸುಲಿದರೆ ಸಾಕು, ಎಳೆಯದಾದರೆ ಅದೂ ಬೇಡ. ನನ್ನ ತಕ್ಕಡಿಯಲ್ಲಿ ಒಂದು ಕಿಲೋ ಬಿಳಿಯದು ಸುಲಿದ ಮೇಲೆ ಮುಕ್ಕಾಲು ಕಿಲೋಗಿಂತ ಕಡಿಮೆ ಉಳಿಯಿತು. ಹಸಿರಿನಲ್ಲಿ ನಷ್ಟ ಅದರ ಅರ್ಧವೂ ಇಲ್ಲ. ಕೆಲಸಕ್ಕೆ ಹೋಗಿ ಬಂದ ಸಂಜೆಗೆ ಹಸಿರೇ ಸರಿ ಎನ್ನುವುದು ಇಲ್ಲಿಗೇ ಗೊತ್ತಾಗುತ್ತದೆ.

ಮೊದಲು ಇಲ್ಲಿಯವರ ರೀತಿ. ಅಗಲ ಪಾತ್ರೆಯಲ್ಲಿ ನೀರು, ಉಪ್ಪು, ಅರ್ಧ ಚಮಚ ಸಕ್ಕರೆ, ಒಂದು ತುಂಡು ಬೆಣ್ಣೆ, ನಿಂಬೆಯ ಒಂದು ಬಿಲ್ಲೆ. ಸಕ್ಕರೆ ಕಹಿಯನ್ನು ಅಡಗಿಸುವುದಕ್ಕೆ. ನೀರು ಕೊತಕೊತ ಕುದಿಯಬಾರದು, ಸಣ್ಣಗೆ ಕಂಪಿಸುತ್ತಿರಬೇಕು. ಹೆಬ್ಬೆರಳು ದಪ್ಪದ ಬಿಳಿಯದಕ್ಕೆ ನನ್ನ ಒಲೆಯಲ್ಲಿ 13 ನಿಮಿಷ ಹಿಡಿಯಿತು. ಫೋರ್ಕಿನಿಂದ ನಡುವೆ ಎತ್ತಿದಾಗ ಎರಡೂ ತುದಿ ಮೆಲ್ಲಗೆ ಬಾಗಿದರೆ ಹದ. ಹಸಿರಿಗೆ 6 ನಿಮಿಷ, ನಿಂಬೆ ಇಲ್ಲದೆ. ಹುಳಿ ಬಿದ್ದರೆ ಅದರ ಬಣ್ಣ ಮಂಕಾಗುತ್ತದೆ. ಕರಗಿದ ಬೆಣ್ಣೆ, ಬೇಯಿಸಿದ ಹೊಸ ಆಲೂಗಡ್ಡೆಯ ಜೊತೆ ತಿಂದಾಗ ಬಿಳಿಯದು ಎಷ್ಟೋ ಮೇಲು. ಒಳಗೆಲ್ಲ ರಸ, ಬಾಳೆದಿಂಡಿನ ತಂಪು, ಸಣ್ಣ ಸಿಹಿ, ಹಿಂದಿನಿಂದ ಒಂದೆಳೆ ಕಹಿ. ನೀರಿನಲ್ಲಿ ಬೆಂದ ಹಸಿರು ಮಾತ್ರ ಹುರುಳಿಕಾಯಿಯ ಮುಂದೆ ಹೆಚ್ಚೇನೂ ಹೇಳುವುದಿಲ್ಲ. ಜರ್ಮನ್ನರು ಬಿಳಿಯದಕ್ಕೆ ಮೊಟ್ಟೆಯ ಹಳದಿ ಮತ್ತು ಬೆಣ್ಣೆಯ ಹಾಲೆಂಡೈಸ್ ಸಾಸ್ ಸುರಿಯುತ್ತಾರೆ, ಹಂದಿಮಾಂಸದ ಹ್ಯಾಮ್ ಇಡುತ್ತಾರೆ. ನಮ್ಮನೆಯಲ್ಲಿ ಬೆಣ್ಣೆಯ ಬದಲು ತುಪ್ಪ ಹಾಕಿದ ದಿನ ಎಲ್ಲರೂ ತಟ್ಟೆ ಒರೆಸಿ ತಿಂದರು.

ಎರಡನೆಯದು ಇಡ್ಲಿ ಪಾತ್ರೆ. ಇಲ್ಲಿ ಶ್ಪಾರ್ಗೆಲ್‌ಗೆಂದೇ ಎತ್ತರದ, ಸಪೂರ ಪಾತ್ರೆ ಮಾರುತ್ತಾರೆ, ಬುಡ ನೀರಿನಲ್ಲಿ ಬೆಂದು ತಲೆ ಹಬೆಯಲ್ಲಿ ಬೇಯಲಿ ಎಂದು. ಅದನ್ನು ಕೊಳ್ಳಬೇಕಾಗಿಲ್ಲ. ತಟ್ಟೆಗಳನ್ನು ತೆಗೆದು, ಕಡ್ಡಿಗಳನ್ನು ಅಡ್ಡಕ್ಕೆ ಮಲಗಿಸಿ ಹಬೆ ಕೊಟ್ಟರೆ ಬಿಳಿಯದು 18 ನಿಮಿಷಕ್ಕೆ, ಹಸಿರು 6-7 ನಿಮಿಷಕ್ಕೆ ಆಗುತ್ತದೆ. ರುಚಿ ನೀರಿಗೆ ಹೋಗದೆ ಒಳಗೇ ಉಳಿಯುತ್ತದೆ. ಆದರೆ ಒಳಗೇ ಉಳಿಯುವುದರಲ್ಲಿ ಕಹಿಯೂ ಸೇರಿತು. ದಿಬ್ಬದಿಂದ ಅಂದೇ ಬಂದದ್ದಾದರೆ ಹಬೆ, ಎರಡು ದಿನ ಹಳೆಯದಾದರೆ ಸಕ್ಕರೆ ನೀರು ಎಂದು ನಾನು ಗೊತ್ತುಮಾಡಿಕೊಂಡಿದ್ದೇನೆ.

ಓವನ್‌ನಲ್ಲಿ ಬೇಕಿಂಗ್ ಕಾಗದದ ಪೊಟ್ಟಣ ಕಟ್ಟಿ, ಬೆಣ್ಣೆ, ಉಪ್ಪು, ಚಿಟಿಕೆ ಸಕ್ಕರೆ ಹಾಕಿ 200 ಡಿಗ್ರಿಯಲ್ಲಿ 35-40 ನಿಮಿಷ ಇಟ್ಟ ಬಿಳಿಯದು ಈ ಎಲ್ಲಕ್ಕಿಂತ ಗಾಢ. ನೀರೇ ಸೋಕದೆ ತನ್ನ ರಸದಲ್ಲೇ ಬೆಂದಿರುತ್ತದೆ. ಪೊಟ್ಟಣ ಬಿಚ್ಚಿದಾಗ ಬರುವ ಪರಿಮಳಕ್ಕಾಗಿಯೇ ಮಾಡಬೇಕು. ನೆಂಟರು ಬಂದಾಗ ನಾನು ಮಾಡುವುದು ಇದನ್ನೇ. ಹಸಿರಿಗೆ ಪೊಟ್ಟಣ ಬೇಡ. ಅದಕ್ಕೆ ಬೇಕಾದದ್ದು ನೇರವಾದ ಕಾವು. ದೋಸೆ ಕಾವಲಿ ಚೆನ್ನಾಗಿ ಕಾದಮೇಲೆ ಚಮಚ ಎಣ್ಣೆ ಹಾಕಿ, ಕಡ್ಡಿಗಳನ್ನು ಉರುಳಿಸುತ್ತಾ 5 ನಿಮಿಷ, ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವವರೆಗೆ. ತಲೆ ಗರಿಗರಿ, ಒಳಗೆ ಎಳೆ ಬಟಾಣಿಯ ಸಿಹಿ. ಮೇಲೆ ಉಪ್ಪು, ಕಾಳುಮೆಣಸು. ಹಸಿರು ಶ್ಪಾರ್ಗೆಲ್ ಎಂದರೆ ಏನು ಎನ್ನುವುದು ನನಗೆ ಗೊತ್ತಾದದ್ದೇ ಕಾವಲಿಯ ಮೇಲೆ.

ಇನ್ನು ನಮ್ಮ ಅಡುಗೆ. ಪಲ್ಯದಲ್ಲಿ ಹಸಿರಿಗೆ ಎದುರಾಳಿಯೇ ಇಲ್ಲ. ಸಾಸಿವೆ, ಉದ್ದಿನಬೇಳೆ, ಕರಿಬೇವು, ಒಣಮೆಣಸಿನ ಒಗ್ಗರಣೆಗೆ ಬೆರಳಗಣ್ಣಿನಷ್ಟು ತುಂಡುಗಳು, ಮೊದಲು ಬುಡದವು, ಎರಡು ನಿಮಿಷ ಬಿಟ್ಟು ತಲೆಗಳು. ಮುಚ್ಚಳ ಹಾಕಬಾರದು, ನೀರು ಚಿಮುಕಿಸಬಾರದು. ಅರಿಶಿನವೂ ಬೇಡ. ಇಳಿಸುವಾಗ ತೆಂಗಿನತುರಿ. ಬೆಂದದ್ದು ಹೆಚ್ಚಾದರೆ ಕೋಸು ಬೆಂದ ವಾಸನೆ ಬರುತ್ತದೆ, ಆದ್ದರಿಂದ ಒಲೆ ಬಿಟ್ಟು ಅಲ್ಲಾಡಬಾರದು. ಅದೇ ಒಗ್ಗರಣೆಗೆ ಬಿಳಿಯದನ್ನು ಹಾಕಿದಾಗ ನೀರು ಬಿಟ್ಟುಕೊಂಡಿತು, ಮೆಣಸಿನ ಖಾರದ ಮುಂದೆ ಅದರ ಸಣ್ಣ ದನಿ ಕೇಳಿಸಲೇ ಇಲ್ಲ. ಅಷ್ಟು ಬೆಲೆಯ ತರಕಾರಿಗೆ ಹಾಗೆ ಮಾಡಬಾರದಿತ್ತು. ತೊಗರಿಬೇಳೆಯ ಹುಳಿಗೆ ಎರಡೂ ಬೇಡ. ಹುಳಿಪುಡಿಯಲ್ಲಿ ಯಾವುದು ಯಾವುದೆಂದೇ ತಿಳಿಯಲಿಲ್ಲ. ಅದಕ್ಕೆ ಮೂಲಂಗಿಯೇ ಲೇಸು.

ಮಜ್ಜಿಗೆಹುಳಿಯಲ್ಲಿ ಆಟ ತಿರುಗಿತು. ನೆನೆಸಿದ ಕಡಲೆಬೇಳೆ, ತೆಂಗಿನಕಾಯಿ, ಜೀರಿಗೆ, ಒಂದೇ ಒಂದು ಹಸಿಮೆಣಸು ನುಣ್ಣಗೆ ರುಬ್ಬಿ, ಬೆಂದ ಬಿಳಿ ತುಂಡುಗಳಿಗೆ ಹಾಕಿ ಒಂದು ಕುದಿ ಬರಿಸಿ, ಉರಿ ತಗ್ಗಿಸಿ ಗಟ್ಟಿ ಮಜ್ಜಿಗೆ ಬೆರೆಸಿ, ಕುದಿ ಏಳುವ ಮೊದಲೇ ಇಳಿಸಿದೆ. ಬೂದುಗುಂಬಳ ಮಾಡುವ ಕೆಲಸವನ್ನೇ ಮಾಡಿತು, ಜೊತೆಗೆ ಬೂದುಗುಂಬಳದಲ್ಲಿ ಇಲ್ಲದ ಆ ಒಂದೆಳೆ ಕಹಿ ಮಜ್ಜಿಗೆಯ ಹುಳಿಗೆ ಚೆನ್ನಾಗಿ ಹೊಂದಿತು. ಕೆಳಗಿನ ಮನೆಯ ಅಜ್ಜಿಗೆ ಒಂದು ಬಟ್ಟಲು ಕೊಟ್ಟು ಕಳಿಸಿದ್ದೆ. ನಾಲ್ಕು ತಲೆಮಾರಿನಿಂದ ಅವರ ಮನೆಯಲ್ಲಿ ಶ್ಪಾರ್ಗೆಲ್ ಬೇಯುತ್ತಿದೆಯಂತೆ. ಬಟ್ಟಲು ಹಿಂದಿರುಗಿಸಲು ಬಂದವರು ಮಾಡುವ ಬಗೆ ಬರೆದುಕೊಂಡು ಹೋದರು. ಹಸಿರಿನ ಮಜ್ಜಿಗೆಹುಳಿ ಮಾತ್ರ ಪಾಚಿಯ ಬಣ್ಣಕ್ಕೆ ತಿರುಗಿತು, ಮಕ್ಕಳು ಮುಟ್ಟಲಿಲ್ಲ.

ಆದರೆ ಬಿಳಿಯದರ ನಿಜವಾದ ಬೆಲೆ ಇರುವುದು ಸಿಪ್ಪೆಯಲ್ಲಿ. ತೊಳೆದ ಸಿಪ್ಪೆ, ಬುಡಗಳನ್ನು ಮುಳುಗುವಷ್ಟು ನೀರಿನಲ್ಲಿ ಉಪ್ಪು, ಚಿಟಿಕೆ ಸಕ್ಕರೆ ಹಾಕಿ 20 ನಿಮಿಷ ಕುದಿಸಿ ಸೋಸಬೇಕು. ಹೆಚ್ಚು ಹೊತ್ತಾದರೆ ಕಹಿ ಇಳಿಯುತ್ತದೆ. ಇಲ್ಲಿಯವರು ಈ ನೀರಿನಲ್ಲೇ ಕಡ್ಡಿಗಳನ್ನು ಬೇಯಿಸಿ, ಉಳಿದದ್ದಕ್ಕೆ ಬೆಣ್ಣೆ, ಹಿಟ್ಟು, ಕೆನೆ ಸೇರಿಸಿ ಸೂಪ್ ಮಾಡುತ್ತಾರೆ. ನಾನು ಅದಕ್ಕೆ ಜಜ್ಜಿದ ಕಾಳುಮೆಣಸು, ಜೀರಿಗೆ ಹಾಕಿ ತುಪ್ಪದಲ್ಲಿ ಇಂಗಿನ ಒಗ್ಗರಣೆ ಕೊಡುತ್ತೇನೆ, ಕೊನೆಯಲ್ಲಿ ನಿಂಬೆಹುಳಿ. ಬೇಳೆ ಇಲ್ಲ, ಟೊಮೆಟೊ ಇಲ್ಲ. ಬಿಸಿ ಅನ್ನಕ್ಕೆ ಕಲಸಿದರೆ ಅಂಥ ತಿಳಿಸಾರು ನಾನು ಬೇರೆ ಯಾವ ತರಕಾರಿಯಿಂದಲೂ ಕಂಡಿಲ್ಲ. ಹಸಿರಿನ ಬುಡಗಳಿಂದಲೂ ಎರಡು ಸಲ ಪ್ರಯತ್ನಿಸಿದೆ. ಹುಲ್ಲು ಕುದಿಸಿದ ನೀರಿನ ಹಾಗಿತ್ತು, ಚೆಲ್ಲಿದೆ. ತೂಕದಲ್ಲಿ ನಷ್ಟವೆಂದು ಬರೆದುಕೊಂಡಿದ್ದ ಆ ಕಾಲು ಕಿಲೋ ಸಿಪ್ಪೆಯೇ ಒಂದು ಹೊತ್ತಿನ ಸಾರಾದದ್ದರಿಂದ, ಬಿಳಿಯದು ದುಬಾರಿ ಎನ್ನುವ ನನ್ನ ಲೆಕ್ಕವನ್ನು ತಿದ್ದಿಕೊಳ್ಳಬೇಕಾಯಿತು.

ತಿಂದ ಮೇಲೆ ಮೂತ್ರಕ್ಕೆ ಬೇರೆ ವಾಸನೆ ಬಂದರೆ ಗಾಬರಿಯಾಗಬೇಡಿ. ಇದರಲ್ಲಿರುವ ಗಂಧಕದ ಅಂಶ ಹೊಟ್ಟೆಯಲ್ಲಿ ಒಡೆದಾಗ ಹಾಗಾಗುತ್ತದೆ, ಎರಡು ಬಗೆಯಲ್ಲೂ. ಎಲ್ಲರ ಮೂಗಿಗೂ ಅದು ತಿಳಿಯುವುದಿಲ್ಲ. ಹುಟ್ಟಿನಿಂದ ಬಂದ ವ್ಯತ್ಯಾಸ ಅದು. ನಮ್ಮನೆಯಲ್ಲಿ ನನಗೆ ತಿಳಿಯುತ್ತದೆ, ನಮ್ಮವರಿಗೆ ತಿಳಿಯುವುದಿಲ್ಲ.

ನಾನು ಕೊಳ್ಳುವ ಕ್ರಮ ಈಗ ಹೀಗಿದೆ. ಏಪ್ರಿಲ್‌ನಲ್ಲಿ ಬಿಳಿಯದರ ಬೆಲೆ ಕಿವಿ ಸುಡುವಾಗ ಹಸಿರಿನ ಪಲ್ಯ, ಕಾವಲಿ. ಮೇ ನಡುವಿಗೆ ಬಿಸಿಲೇರಿ ಕೊಯ್ಲು ಹೆಚ್ಚಿ ಬೆಲೆ ಇಳಿದ ಮೇಲೆ ವಾರಕ್ಕೊಂದು ಕಿಲೋ ಬಿಳಿ, ಎರಡನೇ ದರ್ಜೆಯದು. ವಕ್ರವಾಗಿರುತ್ತದೆ, ತಲೆ ಸ್ವಲ್ಪ ಬಿರಿದಿರುತ್ತದೆ, ಮಜ್ಜಿಗೆಹುಳಿಗೆ ಅದರಿಂದೇನೂ ಕೊರತೆಯಿಲ್ಲ. ಇಡುವಾಗ ಬಿಳಿಯದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿ, ಹಸಿರನ್ನು ಹೂವಿನ ಹಾಗೆ ಲೋಟದ ನೀರಿನಲ್ಲಿ ನಿಲ್ಲಿಸಿ. ಜೂನ್‌ನಲ್ಲಿ ಕೊಯ್ಲಿನ ಕೊನೆಯ ವಾರ ಎರಡು ಕಿಲೋ ಬಿಳಿಯದನ್ನು ಸುಲಿದು, ಬೇಯಿಸದೆ ಹಸಿಯಾಗಿಯೇ ಫ್ರೀಜರ್‌ಗೆ ಹಾಕುತ್ತೇನೆ. ಹಸಿರನ್ನು ಹಾಗೆ ಹಾಕಿ ನೋಡಿದಾಗ ಕರಗಿ ಸೊರಗಿತು. ಬಿಳಿಯದನ್ನು ಹೊರಗೆ ತೆಗೆದು ಕರಗಲು ಬಿಡಬೇಡಿ. ಗಟ್ಟಿ ಇರುವಾಗಲೇ ಕುದಿಯುವ ನೀರಿಗೆ ಹಾಕಿ, ಆ ನೀರಿಗೂ ಚಿಟಿಕೆ ಸಕ್ಕರೆ ಬೀಳಲಿ.