ನಮ್ಮ ಬಡಾವಣೆ ಗಿರಣಿಯ ರಾಗಿ ಹುರಿಹಿಟ್ಟು

ತುಮಕೂರಿನಲ್ಲಿ ನಮ್ಮ ಮನೆ ಹಿಂದಿನ ರಸ್ತೆಯ ಹಿಟ್ಟಿನ ಗಿರಣಿಯವರು ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾರೆ. ಅರ್ಧ ಕೆಜಿಗೆ 90 ರೂಪಾಯಿ. ಮನೆಯಿಂದ ಡಬ್ಬ ಒಯ್ದರೆ ಐದು ರೂಪಾಯಿ ಕಡಿಮೆ ಮಾಡುತ್ತಾರೆ. ಕಳೆದ ಮಳೆಗಾಲದಿಂದ ಸಂಜೆ ಹೊತ್ತು ನಾನು ತಿನ್ನುವುದು ಇದನ್ನೇ. ನನ್ನ ವಯಸ್ಸಿನ ಹೆಂಗಸರಿಗೆ ಇದರಿಂದ ನಿಜಕ್ಕೂ ಎಷ್ಟು ಕ್ಯಾಲ್ಸಿಯಂ ಸಿಗುತ್ತದೆ ಅನ್ನುವ ಲೆಕ್ಕವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಹಿಟ್ಟಿನ ವಿಷಯ. ಹುರಿಹಿಟ್ಟು ಕೆಡುವುದೇ ಮರಳಿನಿಂದ. ರಾಗಿ ಅರಳಬೇಕು ಅಂದರೆ ಕಾದ ಮರಳಲ್ಲಿ ಹುರಿಯಬೇಕು, ಆ ಮರಳು ಪೂರ್ತಿ ಹೋಗದಿದ್ದರೆ ಮೊದಲ ತುತ್ತಿಗೇ ಹಲ್ಲಿಗೆ ಕರಕರ ಅನ್ನುತ್ತದೆ. ಬೇರೆ ಕಡೆ ತಂದಿದ್ದ ಒಂದು ಪ್ಯಾಕೆಟ್ ಹೀಗೇ ಆಗಿ ಪೂರ್ತಿ ಚೆಲ್ಲಿದ್ದೇನೆ. ಅದಕ್ಕೇ ಇಲ್ಲಿ ತೆಗೆದುಕೊಳ್ಳುವ ಮೊದಲು ಗಿರಣಿಯಾಕೆಯನ್ನು ನೇರವಾಗಿಯೇ ಕೇಳಿದೆ. "ಎರಡು ಸಲ ಜರಡಿ ಹಿಡೀತೀವಿ ಅಕ್ಕ, ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು ನೋಡಿ" ಅಂತ ಅಂಗೈಗೆ ಹಾಕಿದರು. ಒಂದು ಕಾಳು ಮರಳೂ ಸಿಗಲಿಲ್ಲ. ಇಲ್ಲಿವರೆಗೂ ಸಿಕ್ಕಿಲ್ಲ.

ಅವರು ಮಾಡುವುದನ್ನು ಹಿತ್ತಲಿನಲ್ಲಿ ನಿಂತು ನೋಡಿದ್ದೇನೆ. ರಾಗಿಯನ್ನು ತೊಳೆದು, ಕಲ್ಲು ತೆಗೆದು, ಮಜ್ಜಿಗೆ ನೀರು ಚಿಮುಕಿಸಿ ರಾತ್ರಿಯೆಲ್ಲ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಬೆಳಿಗ್ಗೆ ನೆರಳಲ್ಲಿ ಹರಡಿ ಸ್ವಲ್ಪ ಆರಿಸುತ್ತಾರೆ. ಪೂರ್ತಿ ಒಣಗಿದರೂ ಅರಳುವುದಿಲ್ಲ, ತೇವ ಜಾಸ್ತಿ ಇದ್ದರೂ ಅರಳುವುದಿಲ್ಲವಂತೆ. ಆಮೇಲೆ ಕಬ್ಬಿಣದ ಬಾಂಡ್ಲಿಯಲ್ಲಿ ಮರಳು ಕೆಂಪಗೆ ಕಾದ ಮೇಲೆ ಒಂದು ಹಿಡಿ ಹಾಕಿ ಬಟ್ಟೆ ಸುತ್ತಿದ ಕೋಲಿನಿಂದ ಬೇಗ ಬೇಗ ಆಡಿಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚಟಪಟ ಅಂತ ಬೆಳ್ಳಗೆ ಅರಳುತ್ತದೆ. ತಕ್ಷಣ ಜರಡಿಗೆ ಸುರಿದು ಮರಳು ಇಳಿಸಬೇಕು, ಒಂದು ಕ್ಷಣ ತಡವಾದರೂ ಸೀದ ವಾಸನೆ. ಇವರ ಹಿಟ್ಟಿನಲ್ಲಿ ಆ ಸೀದ ವಾಸನೆ ಇಲ್ಲ. ಡಬ್ಬದ ಮುಚ್ಚಳ ತೆಗೆದರೆ ಹಿತವಾದ ಹುರಿದ ಘಮ.

ಹಿಟ್ಟಿನ ಬಣ್ಣ ಮಾತ್ರ ಅಂಗಡಿ ಹಿಟ್ಟಿನಷ್ಟು ಬಿಳಿ ಅಲ್ಲ, ಸಣ್ಣ ಸಣ್ಣ ಕಂದು ಚುಕ್ಕೆ ಕಾಣುತ್ತವೆ. ಕೆಲವರು ಇದನ್ನೇ ದೂರುತ್ತಾರೆ. ನನಗೆ ಇದೇ ದೊಡ್ಡ ಗುಣ. ಅದು ರಾಗಿಯ ಸಿಪ್ಪೆ. ರಾಗಿಯ ಕ್ಯಾಲ್ಸಿಯಂನಲ್ಲಿ ಒಳ್ಳೆಯ ಪಾಲು ಇರುವುದೇ ಆ ಸಿಪ್ಪೆಯಲ್ಲಿ. ಬೆಳ್ಳಗೆ, ನಯವಾಗಿ ಕಾಣಲಿ ಅಂತ ವಸ್ತ್ರಗಾಳಿತ ಮಾಡಿದರೆ ಯಾವುದಕ್ಕೋಸ್ಕರ ರಾಗಿ ತಿನ್ನುತ್ತೇವೋ ಅದೇ ಹೊರಗೆ ಹೋಗುತ್ತದೆ. ದಯವಿಟ್ಟು ಇವರ ಮೇಲೆ ಒತ್ತಡ ಹಾಕಿ ಬಿಳಿ ಹಿಟ್ಟು ಮಾಡಿಸಬೇಡಿ.

ಈಗ ನನ್ನ ಲೆಕ್ಕ. ನನಗೆ 54 ವರ್ಷ, ಮುಟ್ಟು ನಿಂತಿದೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಟಿ ಸ್ಕೋರ್ ಮೈನಸ್ 1.9 ಬಂತು. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳುವಾಗಲು ಶುರುವಾಗಿದೆ ಅಂತ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸುಲಭವಾಗಿ ಮುರಿಯುವಷ್ಟು ಸವೆಯುವ ಕಾಯಿಲೆ. ನಮ್ಮಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮೊದಲಿನ ಹಾಗೆ ನಡೆಯಲೇ ಇಲ್ಲ. ಹಾಗಾಗಿ ಈ ವಿಷಯ ನನಗೆ ಸಣ್ಣದಲ್ಲ.

ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ 99 ಪಾಲು ಮೂಳೆ, ಹಲ್ಲಿನಲ್ಲೇ ಇರುತ್ತದೆ. ಉಳಿದ ಒಂದು ಪಾಲು ರಕ್ತ, ಸ್ನಾಯು, ನರಗಳ ಕೆಲಸಕ್ಕೆ. ಹೃದಯ ಬಡಿಯುವುದಕ್ಕೂ ಅದು ಬೇಕು. ಅದಕ್ಕೇ ರಕ್ತದಲ್ಲಿ ಅದರ ಮಟ್ಟ ಇಳಿಯಲು ದೇಹ ಬಿಡುವುದೇ ಇಲ್ಲ. ಊಟದಲ್ಲಿ ಸಿಗದಿದ್ದರೆ ಮೂಳೆಯಿಂದ ತೆಗೆದುಕೊಳ್ಳುತ್ತದೆ. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ನಾರ್ಮಲ್ ಬಂತು ಅಂತ ಸುಮ್ನೆ ನಿಶ್ಚಿಂತೆಯಾಗಿ ಕೂರಬಾರದು ಅನ್ನುವುದು ಇದಕ್ಕೇ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇಳಿಯುತ್ತದೆ, ಮೂಳೆ ಸವೆಯುವ ವೇಗ ಜಾಸ್ತಿ ಆಗುತ್ತದೆ.

ದಿನಕ್ಕೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮೊದಲು ದೊಡ್ಡವರಿಗೆ 600 ಮಿಲಿಗ್ರಾಂ ಅನ್ನುತ್ತಿತ್ತು. 2020ರಲ್ಲಿ ಅದನ್ನು 1000ಕ್ಕೆ ಏರಿಸಿತು. ಮುಟ್ಟು ನಿಂತವರಿಗೆ, ಎದೆಹಾಲು ಕುಡಿಸುವವರಿಗೆ 1200. ನಾನು ನೋಡಿದ ಮಟ್ಟಿಗೆ ಮನೆಯಲ್ಲಿ ಎಲ್ಲರಿಗೂ ಬಡಿಸಿ, ಉಳಿದ ಮೊಸರಿನಲ್ಲಿ ಊಟ ಮುಗಿಸುವ ಹೆಂಗಸರಿಗೆ ಇದರ ಅರ್ಧವೂ ಸಿಗುವುದು ಕಷ್ಟ.

ರಾಗಿಯಲ್ಲಿ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ ಇದೆ. ತಳಿ, ಮಣ್ಣು ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಕೂಡ ಇರುವುದಿಲ್ಲ. ನಾನು ಒಂದು ಬಟ್ಟಲಿಗೆ 40 ಗ್ರಾಂ ಹುರಿಹಿಟ್ಟು ಹಾಕುತ್ತೇನೆ, ಅಂದರೆ ಸುಮಾರು 145. ಅದಕ್ಕೆ ಒಂದು ಲೋಟ, 200 ಮಿಲಿ, ಬೆಚ್ಚಗಿನ ಹಾಲು. ಅದರಿಂದ 240ರ ಹತ್ತಿರ. ಮೇಲೆ ಹುರಿದು ಪುಡಿ ಮಾಡಿದ ಕರಿ ಎಳ್ಳು ಒಂದು ದೊಡ್ಡ ಚಮಚ, ಅದರಿಂದ ಇನ್ನೊಂದು 100. ಒಂದು ಬಟ್ಟಲಿನಲ್ಲಿ ಹತ್ತಿರ ಹತ್ತಿರ 500 ಮಿಲಿಗ್ರಾಂ ಆಯಿತು, ಅಲ್ವಾ? ಎಳ್ಳು ಕಪ್ಪಾದರೂ ಸರಿ, ಸಿಪ್ಪೆ ಇರುವ ಬಿಳಿಯದಾದರೂ ಸರಿ. ಸಿಪ್ಪೆ ತೆಗೆದ ಎಳ್ಳಿನಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ.

ತಿಂದದ್ದೆಲ್ಲ ಮೂಳೆಗೆ ಹೋಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಹಾಲಿನದ್ದೇ ಮೂರರಲ್ಲಿ ಒಂದು ಪಾಲಿನಷ್ಟು ದೇಹಕ್ಕೆ ಹತ್ತುತ್ತದೆ. ರಾಗಿಯಲ್ಲಿ ಫೈಟೇಟ್ ಅನ್ನುವುದು ಇದೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ನೆನೆಸಿ ಮೊಳಕೆ ಕಟ್ಟಿದರೆ ಅದು ಕಡಿಮೆ ಆಗುತ್ತದೆ. ಅದಕ್ಕೇ ಇದೇ ಗಿರಣಿಯ ಮೊಳಕೆ ರಾಗಿ ಹಿಟ್ಟನ್ನೂ ತಂದಿಟ್ಟುಕೊಂಡು ಕೆಲವು ದಿನ ಅಂಬಲಿ ಮಾಡುತ್ತೇನೆ. ಪಾಲಕ್ ಸೊಪ್ಪನ್ನು ಮಾತ್ರ ಕ್ಯಾಲ್ಸಿಯಂಗೋಸ್ಕರ ನಂಬಬೇಡಿ, ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಹೆಚ್ಚುಕಮ್ಮಿ ಎಲ್ಲವನ್ನೂ ಹಿಡಿದುಬಿಡುತ್ತದೆ. ಅದರ ಬದಲು ನುಗ್ಗೆ ಸೊಪ್ಪು ಹಾಕಿ.

ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ಬಿಡಬಹುದಾ ಅಂತ ಪಕ್ಕದ ಮನೆಯ ಅತ್ತಿಗೆ ಕೇಳಿದರು. ಡಾಕ್ಟರ್ ಬರೆದುಕೊಟ್ಟಿದ್ದರೆ ನೀವಾಗಿ ಬಿಡಬೇಡಿ. ನಾನೂ ಬಿಟ್ಟಿಲ್ಲ. ಮಧ್ಯಾಹ್ನ ಊಟ ಆದ ಕೂಡಲೇ ಒಂದು ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ. ಚೀಟಿಯಲ್ಲಿ 1250 ಮಿಲಿಗ್ರಾಂ ಅಂತಿದ್ದರೂ ಅದರಲ್ಲಿ ಕ್ಯಾಲ್ಸಿಯಂ ಇರುವುದು 500 ಮಾತ್ರ. ಇದನ್ನು ಊಟದ ಜೊತೆಯೇ ತೆಗೆದುಕೊಳ್ಳಬೇಕು, ಹೊಟ್ಟೆಯ ಆಮ್ಲ ಇದ್ದರೇ ಕರಗುವುದು. ಒಂದೇ ಸಲಕ್ಕೆ 500ಕ್ಕಿಂತ ಜಾಸ್ತಿ ತೆಗೆದುಕೊಂಡರೆ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೇ ಮಧ್ಯಾಹ್ನ ಮಾತ್ರೆ, ಸಂಜೆ ಹುರಿಹಿಟ್ಟು ಅಂತ ಹಂಚಿಕೊಂಡಿದ್ದೇನೆ. ನನಗೆ ಥೈರಾಯ್ಡ್ ಮಾತ್ರೆಯೂ ಇದೆ, ಬೆಳಿಗ್ಗೆ ಆರಕ್ಕೆ. ಅದಕ್ಕೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕೇ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಬ್ಬಿಣದ ಮಾತ್ರೆಯನ್ನೂ ಇದರ ಜೊತೆ ನುಂಗಬೇಡಿ. ಡಿ ವಿಟಮಿನ್ ಕಡಿಮೆ ಇದ್ದರೆ ಎಷ್ಟು ತಿಂದರೂ ಸರಿಯಾಗಿ ಹತ್ತುವುದಿಲ್ಲ, ಅದನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಕಿಡ್ನಿ ಕಲ್ಲು ಇರುವವರು ಡಾಕ್ಟರನ್ನು ಕೇಳಿಯೇ ಮಾತ್ರೆ ಶುರು ಮಾಡಿ.

ಸೂಪರ್‌ಮಾರ್ಕೆಟ್ಟಿನ ರಾಗಿ ಮಾಲ್ಟ್ ಡಬ್ಬದ ಜೊತೆ ಹೋಲಿಸುವುದಾದರೆ, ನಾನು ತಂದಿದ್ದ ಡಬ್ಬದಲ್ಲಿ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆ. ಜಾಸ್ತಿ ಇರುವುದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ರಾಗಿಯ ದುಡ್ಡು ಕೊಟ್ಟು ಸಕ್ಕರೆ ತಂದ ಹಾಗಾಯಿತು. ಗಿರಣಿ ಹಿಟ್ಟಿನಲ್ಲಿ ರಾಗಿ ಬಿಟ್ಟರೆ ಬೇರೇನಿಲ್ಲ, ಬೆಲ್ಲ ಎಷ್ಟು ಅನ್ನುವುದು ನಮ್ಮ ಕೈಯಲ್ಲಿ.

ತಿನ್ನುವ ರೀತಿ ನಿಮ್ಮಿಷ್ಟ. ಬೆಲ್ಲದ ಪುಡಿ, ಕಾಯಿತುರಿ, ಸ್ವಲ್ಪ ತುಪ್ಪ ಹಾಕಿ ಬಿಸಿ ಹಾಲಲ್ಲಿ ಕಲಸಿದರೆ ಮಕ್ಕಳು ಬಟ್ಟಲು ನೆಕ್ಕುತ್ತಾರೆ. ನಮ್ಮೆಜಮಾನರಿಗೆ ಶುಗರ್ ಇದೆ. ಅವರಿಗೆ ಗಟ್ಟಿ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಕಲಸುತ್ತೇನೆ. ಗಂಟು ಕಟ್ಟುವುದಿಲ್ಲ. ಕಲಸಿದ ಮೇಲೆ ಐದು ನಿಮಿಷ ಬಿಟ್ಟರೆ ಹಿಟ್ಟು ಉಬ್ಬಿ ಗಟ್ಟಿಯಾಗುತ್ತದೆ, ಆದ್ದರಿಂದ ಮೊದಲು ತೆಳ್ಳಗೇ ಕಲಸಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಪ್ಯಾಕೆಟ್ ಮೇಲೆ ಮಾಡಿದ ದಿನಾಂಕ ಇಲ್ಲದ್ದಕ್ಕೆ. ರಾಗಿ ಅರಳಿನ ಹಿಟ್ಟು ಹಳೆಯದಾದರೆ ಮುಗ್ಗಲು ವಾಸನೆ ಬರುತ್ತದೆ, ದೂರದಿಂದ ಬರುವವರಿಗೆ ಅದು ತೆರೆದ ಮೇಲೆಯೇ ಗೊತ್ತಾಗುವುದು. ಗಿರಣಿಯಾಕೆಗೆ ಹೇಳಿದ್ದೇನೆ, ಒಂದು ರಬ್ಬರ್ ಮೊಹರು ತರಿಸುತ್ತೇನೆ ಅಂದಿದ್ದಾರೆ. ಅಲ್ಲಿವರೆಗೆ ಬುಧವಾರ ಸಂಜೆ ನಾಲ್ಕರ ಮೇಲೆ ಹೋಗಿ. ಹುರಿಯುವುದು ಅವತ್ತೇ, ಬಿಸಿ ಆರಿದ ಹೊಸ ಹಿಟ್ಟು ಸಿಗುತ್ತದೆ.