ಹೊಟ್ಟೆಯ ನೀರುಗಂಟು: ತೂತಿನಲ್ಲೇ ತೆಗೆಸುವುದೋ, ಹೊಟ್ಟೆ ತೆರೆಸುವುದೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಚಿಕ್ಕಮ್ಮನ ಹೊಟ್ಟೆಯ ಗಂಟು ಅಂಗೈಯಡಿ ಎಡಕ್ಕೂ ಬಲಕ್ಕೂ ಜಾರುತ್ತಿತ್ತು. ಮೇಲೆ ಕೆಳಗೆ ಮಾತ್ರ ಕದಲುತ್ತಿರಲಿಲ್ಲ. ಕರುಳನ್ನು ಬೆನ್ನಿಗೆ ಹಿಡಿದಿಡುವ ಪೊರೆ ಮೆಸೆಂಟರಿ. ಅಲ್ಲಿ ಬೆಳೆಯುವ ಸಿಸ್ಟಿನ, ಅಂದರೆ ನೀರು ತುಂಬಿದ ಚೀಲದ, ಹಳೆಯ ಗುರುತು ಇದು. ದೊಡ್ಡವರಲ್ಲಿ ತೀರಾ ಅಪರೂಪ, ಬಹುಪಾಲು ಕ್ಯಾನ್ಸರ್ ಅಲ್ಲ. ಆದರೂ ಅಲ್ಟ್ರಾಸೌಂಡ್ ಸಾಲದು. ಗಂಟು ಅಂಡಾಶಯದ್ದೋ ಕರುಳಿನದ್ದೋ ತಿಳಿಯಲು ಸಿಟಿ ಸ್ಕ್ಯಾನ್ ಬೇಕು.

ಸೂಜಿ ಚುಚ್ಚಿ ನೀರು ತೆಗೆಸುವುದು ಅಗ್ಗವೆನಿಸುತ್ತದೆ, ನನಗೆ ಒಪ್ಪಿಗೆಯಿಲ್ಲ. ಚೀಲ ಒಳಗೇ ಉಳಿದು ಮತ್ತೆ ತುಂಬುತ್ತದೆ. ಅದು ಹೈಡಾಟಿಡ್ (ಲಾಡಿಹುಳುವಿನ ಮರಿಯಿಂದಾಗುವ ಗಂಟು) ಆಗಿದ್ದರೆ ಸೋರಿದ ದ್ರವದಿಂದ ತೀವ್ರ ಅಲರ್ಜಿಯ ಅಪಾಯವೂ ಇದೆ.

ಉಳಿದದ್ದು ಎರಡು ದಾರಿ. ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಗಾಯ ಚಿಕ್ಕದು, ನೋವು ಕಡಿಮೆ, ಬೇಗ ಮನೆಗೆ ಬರಬಹುದು. ಗಂಟು ಸ್ವತಂತ್ರವಾಗಿದ್ದು, ಶಸ್ತ್ರಚಿಕಿತ್ಸಕರ ಕೈ ಪಳಗಿದ್ದರೆ ನನ್ನ ಮತ ಇದಕ್ಕೇ. ಗಂಟು ಬಹಳ ದೊಡ್ಡದಾಗಿದ್ದರೆ ಅಥವಾ ಕರುಳಿಗೋ ರಕ್ತನಾಳಕ್ಕೋ ಅಂಟಿದ್ದರೆ ಹೊಟ್ಟೆ ತೆರೆಯುವುದೇ ಕ್ಷೇಮ. ಕೆಲವೊಮ್ಮೆ ಗಂಟಿನ ಜೊತೆ ಕರುಳಿನ ತುಂಡನ್ನೂ ತೆಗೆಯಬೇಕಾಗುತ್ತದೆ. ಆಮೇಲೆ ಕೆಲವು ವಾರ ಅಡಿಕೆ ಮೂಟೆ ಎತ್ತುವಂತಿಲ್ಲ. ಚಿಕ್ಕಮ್ಮನಿಗೆ ಗಾಯಕ್ಕಿಂತ ಅದೇ ದೊಡ್ಡ ಶಿಕ್ಷೆಯಾಗಿತ್ತು. ತೂತಿನಲ್ಲಿ ಆರಂಭಿಸಿ ನಡುವೆ ಹೊಟ್ಟೆ ತೆರೆದರೆ ವೈದ್ಯರು ಸೋತರೆಂದಲ್ಲ.

ಶಸ್ತ್ರಚಿಕಿತ್ಸೆ ಕಾಸರಗೋಡಿನಲ್ಲೋ, ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲೋ? ಕೇರಳದ ವಿಮಾ ಕಾರ್ಡ್ ಗಡಿಯಾಚೆ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ತೆಗೆದ ಚೀಲದ ಬಯಾಪ್ಸಿ ವರದಿಯನ್ನು ಎಲ್ಲಿ ಮಾಡಿಸಿದರೂ ಕೇಳಿ ಪಡೆಯಿರಿ.